ಕಲೆಯಕ್ಕ ಅಳಿಸಿದ್ದು

ಬೀದಿಯವರೆಲ್ಲ ಅವಳನ್ನು ಕಲೆಯಕ್ಕ ಎಂದೇ ಕರೆಯುತ್ತಿದ್ದರು. ಹೊಸಬರು ಯಾರಾದರೂ ಆ ಹೆಸರು ಕೇಳಿ, ಚಿತ್ರ ಬರೆಯುವವಳೋ ಹಾಡುವವಳೋ ಇರಬೇಕೆಂದು ಅಂಗಡಿಯೊಳಗೆ ಇಣುಕುತ್ತಿದ್ದರು. ಒಳಗೆ ಸೋಫಾ ಮುಂದೆ ಮಂಡಿಯೂರಿ, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಬಿಳಿ ಬಟ್ಟೆಯಲ್ಲಿ ಎಣ್ಣೆ ಜಿಡ್ಡನ್ನು ಒತ್ತೊತ್ತಿ ತೆಗೆಯುತ್ತಿರುವ ಹೆಂಗಸನ್ನು ಕಂಡು ಪೆಚ್ಚಾಗುತ್ತಿದ್ದರು. ಅವಳು ಸೂಜಿಗಳನ್ನು ಬಾಯಿಂದ ತೆಗೆದು, "ಇದೂ ಕಲೇನೇ ಕಣ್ರೀ. ಚಿತ್ರ ಬರೆಯೋರದ್ದು ಮೂಡಿಸೋ ಕಲೆ, ನಮ್ಮದು ಅಳಿಸೋ ಕಲೆ" ಎಂದು ನಗುತ್ತಿದ್ದಳು.

ಗಂಡ ಅದೇ ಅಂಗಡಿಯಲ್ಲಿ ಕುರ್ಚಿ, ಸೋಫಾಗಳಿಗೆ ಬಟ್ಟೆ ಹೊದಿಸುತ್ತಿದ್ದ. ಅವನಿಗೆ ಕುರ್ಚಿಯಣ್ಣ ಎಂದು ಹೆಸರು. "ಅಣ್ಣ, ಅಕ್ಕ ಸೇರಿ ಸಂಸಾರ ಮಾಡೋ ಮನೆ ಈ ಭೂಮಿ ಮೇಲೆ ಇದೊಂದೇ" ಎಂದು ಎದುರಿನ ಬೀಗ ರಿಪೇರಿಯವನು ಮೂವತ್ತು ವರ್ಷದಿಂದ ಅದೇ ಮಾತು ಹೇಳುತ್ತಿದ್ದ. ಇಬ್ಬರೂ ಮೂವತ್ತು ವರ್ಷದಿಂದ ಅದಕ್ಕೆ ನಗುತ್ತಲೂ ಇದ್ದರು.

ಅವರಿಬ್ಬರನ್ನು ಕೂಡಿಸಿದ್ದು ಶಾಯಿ. ಅವಳ ಅಪ್ಪನದು ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿ. ಒಂದು ದಿನ ಅಪ್ಪ ಹೊರಗೆ ಹೋಗಿದ್ದಾಗ ಒಬ್ಬ ಹುಡುಗ ಬೆವರು ಸುರಿಸುತ್ತ ಬಂದು, ಹಸಿರು ಮಖಮಲ್ಲಿನ ಒಂದು ದಿಂಬನ್ನು ಕಟ್ಟೆಯ ಮೇಲಿಟ್ಟ. ಜೇಬಿನ ಶಾಯಿ ಪೆನ್ನು ಗಿರಾಕಿಯ ದಿಂಬಿನ ಮೇಲೆ ಕಾರಿಕೊಂಡಿತ್ತು. ಅವಳಿಗಾಗ ಹತ್ತೊಂಬತ್ತು. ಅಪ್ಪ ಕಲಿಸಿದ್ದನ್ನು ನೆನಪಿಸಿಕೊಂಡು, ಮೊದಲು ಒಣಬಟ್ಟೆಯಿಂದ ಹೀರಿಸಿ, ತಣ್ಣೀರು ಚಿಮುಕಿಸಿ, ಎರಡು ಹನಿ ಸೋಪಿನ ನೀರು ಹಾಕಿ, ಕಡೆಗೆ ಸ್ಪಿರಿಟ್ಟಿನಲ್ಲಿ ಅಂಚಿನಿಂದ ನಡುವಿಗೆ ಒತ್ತುತ್ತ ಬಂದಳು. ಉಜ್ಜಬಾರದು, ಒತ್ತಬೇಕು. ಉಜ್ಜಿದರೆ ಕಲೆ ಊರಗಲ ಆಗುತ್ತದೆ. ಅರ್ಧ ಗಂಟೆಗೆ ಕಲೆ ಹೋಯಿತು. ಹುಡುಗ ದಿಂಬನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಿತ್ತು ಅನ್ನೋದೇ ಗೊತ್ತಾಗ್ತಿಲ್ಲ" ಎಂದ. ಮುಂದಿನ ವಾರ ಇನ್ನೊಂದು ಕಲೆ ತಂದ. ಅದರ ಮುಂದಿನ ವಾರ ಸಾಸಿವೆಯಷ್ಟೇ ಕಲೆ. ನಾಲ್ಕನೆಯ ಸಲಕ್ಕೆ ಅವಳ ಅಪ್ಪ ಕನ್ನಡಕ ಏರಿಸಿ, "ಇವನ ಪೆನ್ನು ಸೋರ್ತಿದೆಯೋ, ಬುದ್ಧಿ ಸೋರ್ತಿದೆಯೋ, ಒಂದು ಸಲ ಅವರ ಮನೆಯವರನ್ನ ಕರೆಸಿ ಕೇಳೋಣ" ಎಂದ. ಹಾಗೆ ಮದುವೆ ಆಯಿತು.

ಅಪ್ಪ ಅವಳಿಗೆ ಕಲಿಸಿದ ಪಾಠಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೈಗೆ ಅಂಟಿದ್ದು ಒಂದೇ. "ಕಲೆ ಕಂಡ ಕೂಡ್ಲೆ ಕೈ ಹಾಕ್ಬೇಕು. ಬಟ್ಟೆ ಅದನ್ನ ಕುಡಿದು ಮುಗಿಸೋದ್ರೊಳಗೆ ನಾವು ವಾಪಸ್ ಹೀರ್ಕೋಬೇಕು. ಯೋಚನೆ ಆಮೇಲೆ." ಹಾಗಾಗಿ ನೆಂಟರ ಮನೆಯಲ್ಲಿ ಕಾಫಿ ಚೆಲ್ಲಿದರೂ ಮೊದಲು ಏಳುತ್ತಿದ್ದವಳು ಅವಳೇ. ತಲೆಗಿಂತ ಕೈ ಮುಂದೆ ಓಡುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಆರು ವರ್ಷಕ್ಕೇ ಅಪ್ಪನ ಪಕ್ಕ ಕೂತು ಬಾಗಿದ ಸೂಜಿ ಹಿಡಿದವಳು. ಇಪ್ಪತ್ತು ತುಂಬುವ ಹೊತ್ತಿಗೆ ಅಪ್ಪನಿಗಿಂತ ಒಂದು ಕೈ ಮೇಲೆಯೇ ಆಗಿದ್ದಳು. ಕುರ್ಚಿಯ ಮೂಲೆಗಳಲ್ಲಿ ಅವಳು ಮಡಿಸಿದ ನೆರಿಗೆ ನೋಡಿ ಕುರ್ಚಿಯಣ್ಣ ಬಂದವರಿಗೆಲ್ಲ, "ಬೆರಳು ಆಡಿಸಿ ನೋಡಿ, ಹೊಲಿಗೆ ಸಿಕ್ಕಿದ್ರೆ ಹೇಳಿ" ಎನ್ನುತ್ತಿದ್ದ. ಅಂಗಡಿ ಇನ್ನು ಅವಳದೇ ಎಂದುಕೊಂಡಿದ್ದ. ಮಗಳಿಗೆ ಅದೇ ಬೀದಿಯ ಆಚೆ ತುದಿಯಲ್ಲಿ ಮದುವೆಯಾಯಿತು. ಮಗು ಆಯಿತು. ಮೂವತ್ತನೆಯ ವಯಸ್ಸಿಗೆ, ಊರ ಹೊರಗೆ ಹೊಸದಾಗಿ ಶುರುವಾದ ಸೋಫಾ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುತ್ತೇನೆಂದು ಅವಳು ಬಂದು ಹೇಳಿದಳು.

ಕುರ್ಚಿಯಣ್ಣನ ಕೈಯಲ್ಲಿದ್ದ ಸುತ್ತಿಗೆ ನಿಂತಿತು. "ಅಲ್ಲಿ ಸೂಜಿ ಹಿಡಿಯೋರೇ ಇಲ್ಲ. ಪಿನ್ನು ಹೊಡೆಯೋ ಗನ್ನು. ಟಪ್ ಟಪ್ ಅಂತ ಹೊಡೆದು ಬಿಸಾಕೋದು. ಅದೊಂದು ಕೆಲಸಾನಾ?"

"ಅಪ್ಪ, ಬೆನ್ನು ಬಿದ್ದುಹೋಗಿದೆ ನಂದು. ಅಲ್ಲಿ ಮೇಜಿನ ಎತ್ತರಕ್ಕೆ ಕೆಲಸ. ಮಗುವಿನ ಹತ್ರ ಸಂಜೆ ಹೊತ್ತಿಗೆ ಮನೇಲಿರಬಹುದು."

"ನಿನ್ನ ಕೈಗೆ ಸೂಜಿ ಕೊಟ್ಟ ದಿನವೇ ನನ್ನ ಕೈ ಕಡ್ಕೊಂಡು ಬಿಸಾಕಬೇಕಿತ್ತು" ಎಂದ ಕುರ್ಚಿಯಣ್ಣ.

ಅಷ್ಟೇ ಮಾತು. ಮಗಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ಆಮೇಲೆ ಮೂರು ವರ್ಷ ಅಪ್ಪ ಮಗಳಿಗೆ ಮಾತಿಲ್ಲ ಕತೆಯಿಲ್ಲ. ಮೊಮ್ಮಗು ಅಜ್ಜನ ಅಂಗಡಿಗೆ ಬರುತ್ತಿತ್ತು, ಮಗಳು ಹೊಸ್ತಿಲಲ್ಲೇ ನಿಲ್ಲುತ್ತಿದ್ದಳು. ನಡುವೆ ಕಲೆಯಕ್ಕ ಅಡಕತ್ತರಿಗೆ ಸಿಕ್ಕ ಅಡಕೆಯಾಗಿದ್ದಳು. ಇವನಿಗೆ ಹೇಳಿದರೆ, "ಅವಳೇ ಬರಲಿ". ಅವಳಿಗೆ ಹೇಳಿದರೆ, "ಅವರೇ ಕರೀಲಿ". ಇಬ್ಬರದೂ ಒಂದೇ ಮೂಗು, ಒಂದೇ ಮೊಂಡುತನ.

ನಾಲ್ಕನೆಯ ವರ್ಷ ಒಂದು ಬೆಳಗ್ಗೆ ಕುರ್ಚಿಯಣ್ಣ ಮಲಗಿದಲ್ಲಿಂದ ಏಳಲಿಲ್ಲ. ಬಲಗಡೆಯ ಕೈಕಾಲು ಬಿದ್ದುಹೋಗಿತ್ತು, ನಾಲಿಗೆ ತಿರುಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು, "ಅವರಿಗೆ ಎಲ್ಲಾ ಅರ್ಥ ಆಗ್ತದೆ. ಬುದ್ಧಿ ಚೆನ್ನಾಗೇ ಇದೆ. ಹೇಳೋಕೆ ಮಾತ್ರ ಆಗಲ್ಲ. ಎಡಗೈಯಲ್ಲಿ ಬರೆಯೋದು ಅಭ್ಯಾಸ ಮಾಡಿಸಿ" ಎಂದರು.

ಮಗಳು ಓಡಿಬಂದಳು. ಅಪ್ಪನ ಹಾಸಿಗೆಯ ಪಕ್ಕ ನಿಂತು ಆ ಬಿದ್ದ ಬಲಗೈಯನ್ನು ನೋಡಿದಳು. ಅವತ್ತಿನ ಮಾತು ಯಾರಿಗೂ ಮರೆತಿರಲಿಲ್ಲ, ಯಾರೂ ಎತ್ತಲೂ ಇಲ್ಲ.

ಮನೆಗೆ ಕರೆತಂದ ಮೇಲೆ ಅವನನ್ನು ಹಾಲುಬಣ್ಣದ ರೇಷ್ಮೆಯ ಕುರ್ಚಿಯಲ್ಲಿ ಕೂರಿಸುವುದು ರೂಢಿಯಾಯಿತು. ಯಾವುದೋ ದೊಡ್ಡ ಮನೆಯ ಕೆಲಸದಲ್ಲಿ ಉಳಿದ ರೇಷ್ಮೆಯಲ್ಲಿ, ಹಿಂದೊಮ್ಮೆ ಅವನೇ ಹೊದಿಸಿದ ಕುರ್ಚಿ ಅದು. ಕೈಗಳು ಅಗಲ, ಬೆನ್ನು ಎತ್ತರ, ಅವನು ಪಕ್ಕಕ್ಕೆ ವಾಲಿದರೂ ತಡೆದು ನಿಲ್ಲಿಸುತ್ತಿತ್ತು. ಅಂಗಡಿಯ ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಅದನ್ನಿಟ್ಟರು. ಎಡಗೈಗೆ ಬರೆಯಲು ಬಾಲ್ ಪೆನ್ನು ಕೊಟ್ಟರೆ ಒತ್ತುವಷ್ಟು ಶಕ್ತಿ ಇರಲಿಲ್ಲ. ಶಾಯಿ ಪೆನ್ನು ಮುಟ್ಟಿಸಿದರೆ ಸಾಕು, ಹರಿಯುತ್ತಿತ್ತು. ಕಲೆಯಕ್ಕ ಅದನ್ನೇ ಕೊಟ್ಟಳು. ಹರಿಯುವುದು ಎಂದರೆ ಎಲ್ಲ ಕಡೆಗೂ ಹರಿಯುವುದೇ.

ಅವನು ಬರೆಯುತ್ತಿದ್ದುದು ಸಣ್ಣಪುಟ್ಟದ್ದು. "ನೀರು." "ಫ್ಯಾನು ನಿಲ್ಲಿಸು." ಒಮ್ಮೆ ಕಾಲು ಗಂಟೆ ಒದ್ದಾಡಿ, "ಬೀಗದವನ ಜೋಕು ಹಳೇದಾಯ್ತು." ಎಂದು ಬರೆದ. ಅವಳು ಬಿದ್ದು ಬಿದ್ದು ನಕ್ಕಳು. ಆದರೆ ದಿನಕ್ಕೊಂದು ಸಲ ರೇಷ್ಮೆಯ ಮೇಲೆ ನೀಲಿ ಬೀಳುತ್ತಿತ್ತು, ದಿನಕ್ಕೊಂದು ಸಲ ಅವಳು ಗೊಣಗುತ್ತ ಬಟ್ಟಲು ತರುತ್ತಿದ್ದಳು. "ಮದುವೆಗೆ ಮುಂಚೆ ಬೇಕಂತ ಸೋರಿಸ್ತಿದ್ರಿ, ಈಗಲೂ ಹಂಗೇ ಏನ್ರೀ?" ಎನ್ನುತ್ತಿದ್ದಳು. ಅವನ ಬಾಯಿಯ ಎಡಭಾಗ ಮೇಲೇರುತ್ತಿತ್ತು. ಕುರ್ಚಿಯ ಕೈಮೇಲೆ ಒಂದು ಟವೆಲು ಹಾಸಿಟ್ಟಳು. ತೊಳೆಯುವ ದಿನ ಮಾತ್ರ ಅದು ಇರುತ್ತಿರಲಿಲ್ಲ.

ಮಗಳು ದಿನಾ ಬರುತ್ತಿದ್ದಳು. ಔಷಧಿ ಕೊಡುವಳು, ಉಗುರು ಕತ್ತರಿಸುವಳು, ಮಗುವಿನ ಸುದ್ದಿ ಹೇಳುವಳು. ಎದೆಯಲ್ಲಿದ್ದದ್ದು ಮಾತ್ರ ಬಾಯಿಗೆ ಬರಲು ಎರಡು ತಿಂಗಳು ಹಿಡಿಯಿತು.

ಆ ಸೋಮವಾರ ಬೆಳಗ್ಗೆ ಅವಳು ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಬಂದಳು. ಕಲೆಯಕ್ಕ ಮುಂದಿನ ಕೋಣೆಯಲ್ಲಿ ಒಬ್ಬ ವಕೀಲರ ಹೆಂಡತಿಯ ಸೋಫಾ ನೋಡುತ್ತಿದ್ದಳು. ಒಳಗೆ ಮಗಳು ಅಪ್ಪನ ಮುಂದೆ ನೆಲದ ಮೇಲೆ ಕೂತು, "ಅಪ್ಪ, ನಾನು ಹಂಗೆ ಎದ್ದು ಹೋಗಬಾರದಿತ್ತು. ಮೂರು ವರ್ಷ ಹೊಸ್ತಿಲು ದಾಟದೆ ನಿಂತಿದ್ದು ನನ್ನ ಕೊಬ್ಬು. ತಪ್ಪಾಯ್ತು" ಎಂದಳಂತೆ. ಅಪ್ಪ ಬಹಳ ಹೊತ್ತು ಅವಳನ್ನೇ ನೋಡಿ, ಪೆನ್ನಿಗೆ ಕೈ ಚಾಚಿದನಂತೆ. ಅವಳು ಅವನು ಬರೆಯುವ ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟಳು. ಒಂದೊಂದು ಅಕ್ಷರಕ್ಕೂ ಅವನಿಗೆ ಉಸಿರು ಬೇಕಿತ್ತು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆಯಿತು. "ನಿಧಾನವಾಗಿ ಬರೀರಿ ಅಪ್ಪ. ಸಂಜೆ ಬಂದು ಓದ್ತೀನಿ" ಎಂದು ಅವಳು ಓಡಿದಳು.

ಇವೆಲ್ಲ ಕಲೆಯಕ್ಕನಿಗೆ ಆಗ ಗೊತ್ತಿಲ್ಲ. ಗಿರಾಕಿಯನ್ನು ಕಳಿಸಿ ಒಳಗೆ ಬಂದಾಗ ಗಂಡ ಕಣ್ಣು ಮುಚ್ಚಿ ಒರಗಿದ್ದ. ಪೆನ್ನು ಬೆರಳ ಸಂದಿಯಲ್ಲೇ ಇತ್ತು. ಟವೆಲು ಹಿತ್ತಲಲ್ಲಿ ಒಣಗುತ್ತಿತ್ತು. ಕುರ್ಚಿಯ ಎಡಗೈಯ ಉದ್ದಕ್ಕೂ, ಮೊಳದಷ್ಟು ಹಾಲುಬಣ್ಣದ ಮೇಲೆ ನೀಲಿಯೋ ನೀಲಿ. ರೇಷ್ಮೆ ಶಾಯಿಯನ್ನು ಹಿಡಿದಿಡುವುದಿಲ್ಲ, ನೂಲಿನುದ್ದಕ್ಕೂ ಹರಿಯಲು ಬಿಡುತ್ತದೆ. ಗೆರೆಗಳು ಊದಿಕೊಂಡು ಒಂದಕ್ಕೊಂದು ಕೂಡಿಕೊಂಡಿದ್ದವು. ಇನ್ನೂ ಹಸಿಯಾಗಿತ್ತು.

"ಅಯ್ಯೋ ರಾಮ! ಒಂದು ಘಳಿಗೆ ಆಚೆ ಹೋಗಂಗಿಲ್ಲವಲ್ಲ!" ಎಂದು ಬಟ್ಟಲು, ಬಟ್ಟೆ, ಸ್ಪಿರಿಟ್ಟು ತಂದು ಮಂಡಿಯೂರಿದಳು. ಹೀರಿಸಿದಳು. ಒತ್ತಿದಳು. ಬಟ್ಟೆ ಬದಲಿಸಿದಳು. ಅಂಚಿನಿಂದ ನಡುವಿಗೆ, ಅಂಚಿನಿಂದ ನಡುವಿಗೆ.

ಮಧ್ಯದಲ್ಲಿ ಅವನಿಗೆ ಎಚ್ಚರವಾಯಿತು. ಗಂಟಲಲ್ಲಿ ಏನೋ ಸದ್ದು ಮಾಡಿದ. "ಇರಲಿ ಬಿಡ್ರಿ, ಹೋಗ್ತದೆ" ಎಂದಳು ತಲೆ ಎತ್ತದೆ. ಅವನು ಎಡಗೈ ಎತ್ತಿ ಅವಳ ಕೈಮೇಲಿಟ್ಟು ಹಿಡಿದ. ಪೆನ್ನು ಕೆಳಗೆ ಬಿತ್ತು. ಕ್ಷಮೆ ಕೇಳುತ್ತಿದ್ದಾನೆ ಎಂದುಕೊಂಡಳು ಅವಳು. ಮಗುವಿನ ಕೈಯನ್ನು ಸರಿಸುವ ಹಾಗೆ ಮೆಲ್ಲಗೆ ಅದನ್ನು ಸರಿಸಿ ಅವನ ತೊಡೆಯ ಮೇಲಿಟ್ಟು, ಕೆಲಸ ಮುಂದುವರಿಸಿದಳು. ಅವನು ಮತ್ತೆ ಕೈ ಎತ್ತಲಿಲ್ಲ. ಅವನ ಕಣ್ಣಲ್ಲಿ ನೀರು ಕಂಡಾಗ, ಸ್ಪಿರಿಟ್ಟಿನ ಘಾಟು ಎಂದು ಕಿಟಕಿ ತೆರೆದಳು.

ಸಂಜೆ ಮಗಳು ಬಂದಳು. ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ಪುಸ್ತಕ ಹುಡುಕಿದಳು. ಅದು ಅಪ್ಪನ ತೊಡೆಯಿಂದ ಜಾರಿ, ಕುರ್ಚಿಯ ಹಿಂದೆ ಗೋಡೆಗೆ ಒರಗಿ ಬಿದ್ದಿತ್ತು. ಎತ್ತಿ ಓದಿದಳು. "ಮಗಳೇ, ಅವತ್ತು ನಾನು ಆಡಿದ ಮಾತು". ಅಲ್ಲಿಂದ ಪೆನ್ನು ಎಳೆದ ಒಂದು ಉದ್ದ ಗೆರೆ ಹಾಳೆಯ ಅಂಚಿನ ತನಕ ಹೋಗಿತ್ತು.

"ಮುಂದಿನದು ಎಲ್ಲಿ ಅಪ್ಪ?"

ಅಪ್ಪ ಕುರ್ಚಿಯ ಕೈ ನೋಡಿದ. ಮಗಳೂ ನೋಡಿದಳು. ಹಾಲಿನಷ್ಟು ಬಿಳುಪಾಗಿತ್ತು.

ಕಲೆಯಕ್ಕ ಆ ಬಿಳುಪಿನ ಮೇಲೆ ಕೈಯಿಟ್ಟಳು. "ನಾನು ತೆಗೆದುಬಿಟ್ಟೆ ಕಣೇ" ಎಂದಳು. "ಕಲೆ ಅಂತ ತೆಗೆದುಬಿಟ್ಟೆ."

ಆಮೇಲೆ ಮಗಳಿಗೆ ನಗು ಬಂತು. "ಏನಮ್ಮ ನೀನು! ದೇವರು ಬಂದು ಹಣೆಬರಹ ಬರೆದಿಟ್ಟು ಹೋದ್ರೂ ಒರೆಸಿಬಿಡ್ತೀಯಲ್ಲ!" ಎಂದಳು. ಕುರ್ಚಿಯಣ್ಣನ ಎದೆ ಕುಲುಕಿತು, ಅರ್ಧ ಬಾಯಲ್ಲಿ ಅವನೂ ನಕ್ಕ. ಕಲೆಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಾನೂ ನಕ್ಕಳು. ಮಗಳು ಪುಸ್ತಕ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟಳು. ಅವನು ಹಿಡಿದ, ನೋಡಿದ, ಬೆರಳು ಬಿಟ್ಟ. ಬೆಳಗ್ಗೆಯ ಶ್ರಮಕ್ಕೇ ಸೋತಿದ್ದ. "ಆಯ್ತು ಅಪ್ಪ, ಮಲ್ಕೊಳ್ಳಿ. ನಾಳೆ ರಜೆ ಹಾಕ್ತೀನಿ. ಇಡೀ ದಿನ ಕೂತು ಬರೀರಿ" ಎಂದಳು. ಅವನು ಕಣ್ಣು ಮುಚ್ಚಿ ತೆರೆದ. ಅವನ ಭಾಷೆಯಲ್ಲಿ ಅದು ಹೂಂ.

ಮರುದಿನ ಮಗಳು ರಜೆ ಹಾಕಿ, ಹೊಸ ಪುಸ್ತಕವೊಂದನ್ನು ಕೊಂಡು ಬಂದಾಗ ಮನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು. ಮುಖ ತೊಳೆಸುತ್ತಿದ್ದಾಗಲೇ ಅವನ ತಲೆ ಕಲೆಯಕ್ಕನ ತೋಳಿನ ಮೇಲೆ ಬಿದ್ದಿತ್ತು. ಪಾರ್ಶ್ವವಾಯುವಿನ ಎರಡನೆಯ ಪೆಟ್ಟು. ನಾಲ್ಕು ದಿನ ಉಸಿರಾಡಿದ, ಕಣ್ಣು ತೆರೆಯಲಿಲ್ಲ. ಐದನೆಯ ದಿನ ಉಸಿರೂ ನಿಂತಿತು.

ಬಂದವರೆಲ್ಲ ಹೋದ ಮೇಲೆ, ಮಗಳು ಆ ಅರ್ಧ ಸಾಲಿನ ಹಾಳೆಯನ್ನು ಹರಿದು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು, "ಮೂರು ವರ್ಷ ಕಾದಿದ್ದೆ. ನಾಲ್ಕು ಮಾತು ಓದೋಕೂ ಬಿಡಲಿಲ್ಲ ನೀನು" ಎಂದಳು. ಕೂಗಲಿಲ್ಲ. ಕೂಗಿದ್ದರೆ ಕಲೆಯಕ್ಕನೂ ಕೂಗಿ ಅಳಬಹುದಿತ್ತು.

ಆಮೇಲೆ ಮಗಳು ಬರಲಿಲ್ಲ. ಮೊಮ್ಮಗುವಿನ ಕೈಲಿ ಡಬ್ಬಿಯಲ್ಲಿ ಊಟ ಬರುತ್ತಿತ್ತು, ಅಷ್ಟೇ.

ಕಲೆಯಕ್ಕ ಕುರ್ಚಿಯನ್ನು ಬಿಸಿಲಿಗೆ ಎಳೆದಳು. ನಿಬ್ಬು ಗೀಚಿದ ಗುರುತಾದರೂ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದಳು. ಅವತ್ತು ಬಳಸಿದ ಬಟ್ಟೆ ಚೂರುಗಳನ್ನೆಲ್ಲ ಬುಟ್ಟಿಯಿಂದ ಹೆಕ್ಕಿ ನೆಲದ ಮೇಲೆ ಹರಡಿದಳು. ಅಕ್ಷರ ತಿರುಗುಮುರುಗಾಗಿ ಮೂಡಿರಬಹುದೆಂದು ಕನ್ನಡಿಗೆ ಹಿಡಿದಳು. ಎಲ್ಲ ಬರೀ ನೀಲಿ ಮುದ್ದೆ. ರೇಷ್ಮೆಯಲ್ಲಿ ಕಲೆ ಒಣಗಿದ ಒಂದು ಉಂಗುರದ ಅಂಚು ಕೂಡ ಉಳಿದಿರಲಿಲ್ಲ. ನಲವತ್ತು ವರ್ಷದ ಕಸುಬಿನಲ್ಲಿ ಅಷ್ಟು ಚೊಕ್ಕವಾದ ಕೆಲಸವನ್ನು ಅವಳು ಮಾಡಿರಲಿಲ್ಲ.

ಕಣ್ಣು ಮುಚ್ಚಿದರೆ ಆ ನೀಲಿ ಕಾಣುತ್ತಿತ್ತು. ಕೊನೆಯಲ್ಲಿ ಒಂದು ಒತ್ತಕ್ಷರ ಇತ್ತು ಎಂದು ಅವಳಿಗೆ ನೆನಪು. ಲಕಾರಕ್ಕೆ ಲಕಾರದ ಒತ್ತು, ಬಾಲ ಎಳೆದದ್ದು. ಅಲ್ಲ ಎಂದೋ ಇಲ್ಲ ಎಂದೋ ಮುಗಿಯುವ ಮಾತು. "ಅವತ್ತು ನಾನು ಆಡಿದ ಮಾತು ಮನಸ್ಸಿನಿಂದ ಬಂದದ್ದಲ್ಲ." ಹಾಗಿದ್ದರೆ ಎಷ್ಟು ಚೆನ್ನ. ಆದರೆ, "ಆಡಿದ ಮಾತು ಸುಳ್ಳಲ್ಲ" ಎಂದೂ ಆಗಬಹುದಿತ್ತಲ್ಲ. ಮೊಂಡ ಮನುಷ್ಯ. ಅಡುಗೆ ಮಾಡುತ್ತ, ಕಸ ಗುಡಿಸುತ್ತ ಆ ಸಾಲಿಗೆ ಬಾಲ ಕಟ್ಟಿ ಕಟ್ಟಿ ನೋಡುತ್ತಿದ್ದಳು. ಒಂದೂ ಅವನ ದನಿಯಲ್ಲಿ ಕೇಳಿಸುತ್ತಿರಲಿಲ್ಲ.

ಅಂಗಡಿ ತೆರೆದಳು, ಹೊಟ್ಟೆ ಕೇಳುತ್ತದೆಯೇ. ಎಣ್ಣೆ, ತುಕ್ಕು, ಚಹಾ ಎಲ್ಲ ತೆಗೆದಳು. ಶಾಯಿ ಎಂದರೆ ಮಾತ್ರ, "ನನ್ನಿಂದಾಗಲ್ಲ, ಬೇರೆ ಕಡೆ ತೋರಿಸಿ" ಎನ್ನುತ್ತಿದ್ದಳು. ಕಣ್ಣು ಮಂಜಾಗಿರಬೇಕು ಪಾಪ ಎಂದುಕೊಂಡರು ಜನ. ಬೀಗದವನು ಜೋಕು ಹೇಳುವುದನ್ನು ನಿಲ್ಲಿಸಿದ.

ತಿಂಗಳೆರಡು ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಕುರ್ಚಿಯ ಕೈಯ ಹೊಲಿಗೆ ಬಿಚ್ಚತೊಡಗಿದಳು. ಒಳಗಿನ ಹತ್ತಿ ಅಸ್ತರಿಗಾದರೂ ಏನಾದರೂ ಇಳಿದಿರಬಹುದೆಂಬ ಆಸೆ. ಅವನ ಹೊಲಿಗೆ ಬಿಚ್ಚುವುದು ಸುಲಭವಲ್ಲ. ಅರ್ಧ ಬಿಚ್ಚುವಷ್ಟರಲ್ಲಿ ರೇಷ್ಮೆ ಒಂದು ಕಡೆ ಪಿಸಿದುಹೋಯಿತು. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಡಬ್ಬಿ ಒಯ್ಯಲು ಬಂದ ಮೊಮ್ಮಗು ಅಜ್ಜಿಯನ್ನು ನೋಡಿ ಓಡಿಹೋಗಿ, ತನ್ನ ಅಮ್ಮನನ್ನು ಕರೆತಂದಿತು.

ಮಗಳು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಬಂದು ಅಮ್ಮನ ಕೈಯಿಂದ ಕತ್ತರಿ ತೆಗೆದುಕೊಂಡಳು. "ಹಿಂಗೆ ಎಳೀಬಾರದಮ್ಮ. ಬಿಡು, ನಾನು ಬಿಚ್ತೀನಿ."

ಅವಳು ಬಿಚ್ಚುವುದನ್ನು ನೋಡುತ್ತ ಕಲೆಯಕ್ಕ ಹೇಳಿದಳು. ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡದ್ದು. "ಅವತ್ತು ನಡುವೆ ಅವರಿಗೆ ಎಚ್ಚರ ಆಯ್ತು ಕಣೇ. ನನ್ನ ಕೈ ಹಿಡ್ಕೊಂಡ್ರು. ಬೇಡ ಅಂತ. ನಾನು ಅವರ ಕೈ ಸರಿಸಿ, ಮತ್ತೆ ಒರೆಸಿದೆ."

ಮಗಳ ಕತ್ತರಿ ನಿಂತಿತು. ಮುಖ ಎತ್ತಲಿಲ್ಲ. "ಹಿಡ್ಕೊಂಡ್ರಾ?" ಎಂದಳು.

"ಹೂಂ."

"ಗಟ್ಟಿಯಾಗಿ?"

"ಅವರಲ್ಲಿದ್ದಷ್ಟು ಗಟ್ಟಿಯಾಗಿ."

ಮಗಳು ಮತ್ತೆ ಬಿಚ್ಚತೊಡಗಿದಳು. ಅವಳ ಮೂಗಿನ ತುದಿಯಿಂದ ಹನಿ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ರೇಷ್ಮೆ ಪೂರ್ತಿ ಬಿಟ್ಟುಕೊಂಡಿತು. ಕೆಳಗೆ ಹತ್ತಿಯ ಅಸ್ತರು ಬೆಳ್ಳಗಿತ್ತು. ಕುರ್ಚಿಯ ಕೈ ಮುಗಿಯುವಲ್ಲಿ ಮಾತ್ರ ಒಂದು ಚುಕ್ಕಿ. ಎಳ್ಳಿನಷ್ಟು, ನೀಲಿ.

"ಅಮ್ಮ" ಎಂದಳು ಮಗಳು. "ನೋಡಿಲ್ಲಿ. ಪೂರ್ಣವಿರಾಮ."

ಕಲೆಯಕ್ಕ ಬಗ್ಗಿ ನೋಡಿದಳು.

"ಅಪ್ಪ ಸಾಲು ಮುಗಿದ ಮೇಲೆ ಚುಕ್ಕಿ ಇಟ್ಟು ಸ್ವಲ್ಪ ಹೊತ್ತು ನಿಬ್ಬು ಅಲ್ಲೇ ಬಿಡ್ತಿದ್ರು. 'ನೀರು' ಅಂತ ಬರೆದ್ರೂ ಚುಕ್ಕಿ. ಅದಕ್ಕೇ ಕೆಳಗಿನ ತನಕ ಇಳಿದಿದೆ. ಅಂದ್ರೆ ಅವರು ಬರೆದು ಮುಗಿಸಿದ್ರು ಅಮ್ಮ. ಹೇಳೋದನ್ನ ಪೂರ್ತಿ ಹೇಳಿದ್ರು."

ಸ್ಪಿರಿಟ್ಟು ಹಾಕಿ ಒತ್ತಿದಾಗ ಮೇಲಿನ ಶಾಯಿ ಕರಗಿ, ಸಂದು ಸಿಕ್ಕಲ್ಲಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಇಳಿದು ಇಂಥದೇ ಒಂದು ಚುಕ್ಕಿಯಾಗಿ ನಿಲ್ಲುತ್ತದೆ. ಅದು ನಿಬ್ಬು ಇಟ್ಟದ್ದೋ, ತನ್ನ ಬೆರಳು ಇಳಿಸಿದ್ದೋ ಹೇಳಲು ಬರುವುದಿಲ್ಲ. ಹೆಚ್ಚು ಮಟ್ಟಿಗೆ ಬೆರಳೇ. ಇದು ಆ ಮನೆಯಲ್ಲಿ ಕಲೆಯಕ್ಕನೊಬ್ಬಳಿಗೇ ಗೊತ್ತಿದ್ದ ವಿಷಯ. ಮಗಳು ಅವಳ ಬಾಯನ್ನೇ ನೋಡುತ್ತಿದ್ದಳು.

"ಹೂಂ" ಎಂದಳು ಕಲೆಯಕ್ಕ. "ಮುಗಿಸಿದ್ರು ಅಂತ ಕಾಣ್ತದೆ."

"ಅಸ್ತರು ಬದಲಾಯಿಸ್ಲಾ, ಹಂಗೇ ಬಿಡ್ಲಾ?"

"ಇರಲಿ."

ಮಗಳು ಕಪಾಟಿನಿಂದ ಬಾಗಿದ ಸೂಜಿ ತೆಗೆದಳು, ದಾರಕ್ಕೆ ಮೇಣ ಹಚ್ಚಿದಳು. ಪಿಸಿದ ಕಡೆ ಒಳಗಿನಿಂದ ಒಂದು ತೇಪೆ ಕೊಟ್ಟು, ರೇಷ್ಮೆಯನ್ನು ಅಸ್ತರಿನ ಮೇಲೆ ಎಳೆದು, ಹೊಲಿಯುತ್ತ ಹೋದಳು. ಕಲೆಯಕ್ಕ ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಲ್ಲಿ ಪೂರ್ತಿ ತಿರುಗಿಸಿದಳು, ತನ್ನ ಅಳು ಒಳಗೆ ಕೇಳಿಸದಿರಲಿ ಎಂದು.